ಒಡೆದದ್ದನ್ನೂ ಎತ್ತಿಡುವ ಊರು

ಪೋಲೆಂಡಿನ ರಾಜಧಾನಿ ವಾರ್ಸಾಗೆ ಬರುವ ನಮ್ಮ ಕಡೆಯವರು ಕೇಳುವುದು ಎರಡೇ ಜಾಗ. ಒಂದು, ಊರ ನಡುವೆ ನಿಂತಿರುವ ಸ್ಟಾಲಿನ್ ಕಾಲದ ಆ ಎತ್ತರದ ಸಂಸ್ಕೃತಿ ಅರಮನೆ. ಇನ್ನೊಂದು, 1944ರಲ್ಲಿ ಜರ್ಮನ್ನರ ವಿರುದ್ಧ ಎದ್ದ ದಂಗೆಯ ಮ್ಯೂಸಿಯಂ. ಹಳೆ ಪೇಟೆಯ ಚೌಕಕ್ಕೂ ಹೋಗುತ್ತಾರೆ ನಿಜ, ಆದರೆ ಫೋಟೊ ತೆಗೆದು ಐಸ್‌ಕ್ರೀಮ್ ತಿಂದು ವಾಪಸ್. ಅದೇ ಚೌಕದ ಉತ್ತರ ಬದಿಯಲ್ಲಿ ಗೋಡೆಗೆ ಗೋಡೆ ಅಂಟಿಕೊಂಡು ನಿಂತ ಹನ್ನೊಂದು ಮನೆಗಳಿವೆ. ಅವುಗಳ ಒಳಗೆ ಈ ಊರಿನದೇ ಮ್ಯೂಸಿಯಂ ಇದೆ ಅನ್ನುವುದು ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ. ನನ್ನನ್ನು ಕೇಳಿದರೆ, ಒಂದೇ ಜಾಗ ನೋಡುವಷ್ಟು ಟೈಮ್ ಇದ್ದರೆ ಇದನ್ನೇ ನೋಡಿ ಅಂತೀನಿ. ಅದರಲ್ಲೂ ಬೆಂಗಳೂರಿನವರು.

ಮ್ಯೂಸಿಯಂ ಶುರುವಾದದ್ದು 1936ರಲ್ಲಿ. ಈಗಿನ ಕಾಯಂ ಪ್ರದರ್ಶನ ಮಾತ್ರ ಇತ್ತೀಚಿನದು. ಕಟ್ಟಡಗಳನ್ನು ರಿಪೇರಿ ಮಾಡಿ 2017ರಲ್ಲಿ ಬಾಗಿಲು ತೆರೆದರು. ಹೆಸರು ‘ವಾರ್ಸಾದ ವಸ್ತುಗಳು’. ಒಳಗಿರುವುದೂ ಅಷ್ಟೇ, ವಸ್ತುಗಳು. 21 ಕೋಣೆ, 7,352 ವಸ್ತು, ಎಲ್ಲವೂ ಅಸಲಿ. ಗಡಿಯಾರಗಳಿಗೆ ಒಂದು ಕೋಣೆ, ಬೆಳ್ಳಿ ಸಾಮಾನಿಗೆ ಒಂದು, ಬಟ್ಟೆಗೆ ಒಂದು, ಪೋಸ್ಟ್‌ಕಾರ್ಡಿಗೆ ಒಂದು, ನಕ್ಷೆಗೆ ಒಂದು, ಡಬ್ಬಿ ಪೊಟ್ಟಣಗಳಿಗೆ ಒಂದು. ಮೊದಲ ಕೋಣೆಯಲ್ಲಿ ಶಿಲಾಯುಗದ ಕೊಡಲಿ, ಕೊನೆಯ ಕೋಣೆಯಲ್ಲಿ ಮಂತ್ರಿಗಳ ಫೋಟೊ ಅನ್ನುವ ಲೆಕ್ಕ ಇಲ್ಲಿಲ್ಲ. ರಾಜರ ಪಟ್ಟಿ ಇಲ್ಲ. ಎಲ್ಲಿಂದ ಶುರುಮಾಡಿದರೂ ನಡೆಯುತ್ತದೆ.

ಒಂದು ಕೋಣೆ ಪೂರ್ತಿ ಮತ್ಸ್ಯಕನ್ಯೆಯರದು. ನಮಗೆ ಗಂಡಭೇರುಂಡ ಇದ್ದ ಹಾಗೆ ಈ ಊರಿಗೆ ಮತ್ಸ್ಯಕನ್ಯೆ. ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಗುರಾಣಿ. ತುಂಬ ಹಳೆಯ ಮುದ್ರೆಗಳಲ್ಲಿ ಅದು ಹೆಣ್ಣೇ ಅಲ್ಲ. ರೆಕ್ಕೆ, ಹಕ್ಕಿ ಕಾಲು ಇರುವ ಏನೋ ಒಂದು ವಿಚಿತ್ರ ಪ್ರಾಣಿ. ಬರಬರುತ್ತಾ ಮೀನಿನ ಬಾಲ ಬಂತು, ಹೆಣ್ಣಿನ ಮುಖ ಬಂತು. ಚೌಕದ ನಡುವೆ ನಿಂತಿರುವ ಮತ್ಸ್ಯಕನ್ಯೆಯ ಮುಂದೆ ಎಲ್ಲರೂ ಸೆಲ್ಫಿ ತೆಗೆಯುತ್ತಾರಲ್ಲ, ಅದು ನಕಲು. ಕಾನ್ಸ್ಟಾಂಟಿ ಹೇಗೆಲ್ ಅನ್ನುವ ಶಿಲ್ಪಿ 1855ರಲ್ಲಿ ಮಾಡಿದ ಮೂಲ ಪ್ರತಿಮೆಯನ್ನು 2008ರಲ್ಲಿ ಮ್ಯೂಸಿಯಂ ಒಳಗೆ ತಂದಿಟ್ಟರು. ಮಳೆ, ಹಿಮ, ಪುಂಡರು, ಯಾವುದರಿಂದಲೂ ಉಳಿಗಾಲ ಇರಲಿಲ್ಲ ಅದಕ್ಕೆ.

ಅಮ್ಮ ಇಲ್ಲಿಗೆ ಬಂದಿದ್ದಾಗ ಅವರನ್ನೂ ಕರೆದುಕೊಂಡು ಹೋಗಿದ್ದೆ. ಇಲ್ಲಿ ಯಾವ ಮ್ಯೂಸಿಯಂಗೆ ಹೋದರೂ ಮೊದಲು ಕೋಟು, ಬ್ಯಾಗು ಎಲ್ಲ ಬಿಚ್ಚಿ ಕೌಂಟರಿನಲ್ಲಿ ಕೊಟ್ಟು ಬಿಲ್ಲೆ ತಗೋಬೇಕು. ಚಳಿಗಾಲದಲ್ಲಿ ಈ ಶಾಸ್ತ್ರ ತಪ್ಪುವ ಹಾಗಿಲ್ಲ. ಅಮ್ಮನಿಗೆ ಅದೇ ಸರಿಬರಲಿಲ್ಲ. ಬ್ಯಾಗಿನಲ್ಲಿ ಚಕ್ಕುಲಿ ಡಬ್ಬಿ ಇತ್ತು. ಒಳಗೆ ಡಬ್ಬಿ ಪೊಟ್ಟಣಗಳ ಕೋಣೆಗೆ ಬಂದಾಗ ಗಾಜಿನ ಹಿಂದೆ ಹಳೆ ಚಾಕೊಲೇಟ್ ಡಬ್ಬಿ, ಔಷಧಿ ಪೊಟ್ಟಣ, ತುಕ್ಕು ಹಿಡಿದ ತಗಡಿನ ಮುಚ್ಚಳ ಎಲ್ಲ ನೋಡಿ ಮೆಲ್ಲಗೆ ನನ್ನ ಕಿವಿಯಲ್ಲಿ, “ಏನೋ ಇದು, ಗುಜರಿ ಅಂಗಡಿ ನೋಡೋಕೆ ಟಿಕೆಟ್ ತಗೊಂಡ್ಯಾ?” ಅಂದರು.

ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ವಯಸ್ಸಾದ ಮಹಿಳೆಗೆ ನಮ್ಮ ನಗು ಕೇಳಿಸಿತು. ಇಲ್ಲಿನ ಮ್ಯೂಸಿಯಂಗಳಲ್ಲಿ ಕೋಣೆ ಕಾಯುವವರು ಹೆಚ್ಚಾಗಿ ಇಂಥವರೇ. ಎದ್ದು ಬಂದು ಪೋಲಿಷ್‌ನಲ್ಲಿ ಏನೋ ಹೇಳಲು ಶುರುಮಾಡಿದರು. ಬೈಯುತ್ತಾರೆ ಅಂದುಕೊಂಡೆ. ಇಲ್ಲ, ವೆಡೆಲ್ ಚಾಕೊಲೇಟ್ ಬಗ್ಗೆ ಹೇಳುತ್ತಿದ್ದರು. ವೆಡೆಲ್ ಅಂದರೆ 1851ರಿಂದ ಇರುವ ವಾರ್ಸಾದ ಕಂಪನಿ, ಈಗಲೂ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಡಬ್ಬಿ ಖಾಲಿಯಾದ ಮೇಲೆ ಅವರ ಅಜ್ಜಿ ಅದರಲ್ಲಿ ಗುಂಡಿ, ದಾರ ಹಾಕಿಡುತ್ತಿದ್ದರಂತೆ. ನಾನು ಅದನ್ನು ಕನ್ನಡಕ್ಕೆ ಹೇಳಿದ್ದೇ ತಡ, ಅಮ್ಮ ನಮ್ಮ ಮನೆಯ ಮೈಸೂರು ಸ್ಯಾಂಡಲ್ ಸೋಪಿನ ಡಬ್ಬದ ಕಥೆ ತೆಗೆದರು. ಮದುವೆಯಲ್ಲಿ ಯಾರೋ ಉಡುಗೊರೆ ಕೊಟ್ಟಿದ್ದ ಮೂರು ಸೋಪಿನ ಡಬ್ಬ. ಸೋಪು ಮುಗಿದು ಎಷ್ಟೋ ವರ್ಷ ಅದರಲ್ಲಿ ಹೇರ್‌ಪಿನ್ ಇಟ್ಟಿದ್ದರು. ಇಬ್ಬರು ಹೆಂಗಸರು, ನಡುವೆ ನಾನು ತರ್ಜುಮೆ ಮಾಡುವವನು. ಅರ್ಧ ಗಂಟೆ ಆ ಕೋಣೆಯಿಂದ ಹೊರಗೆ ಬರಲಿಲ್ಲ. ಸಾವಿರ ವರ್ಷದ ಶಾಸನದ ಮುಂದೆ ನಮ್ಮಮ್ಮ ಅರ್ಧ ಗಂಟೆ ನಿಂತದ್ದನ್ನು ನಾನಂತೂ ನೋಡಿಲ್ಲ.

ಇನ್ನೊಂದು ಕೋಣೆ ಒಂದೇ ಕುಟುಂಬದ್ದು. ಶೀಲೆ ಅನ್ನುವ ಮನೆತನ, ಬಿಯರ್ ಕಾರ್ಖಾನೆ ನಡೆಸಿ ದೊಡ್ಡವರಾದವರು. ರಾಜವಂಶ ಅಲ್ಲ, ಸೇನಾಪತಿಗಳ ವಂಶ ಅಲ್ಲ. ಲೂದ್ವಿಕ್ ಗೋಟ್ಸೆಲ್ ಅನ್ನುವ ಸಂಗ್ರಾಹಕರ ಹೆಸರಿನಲ್ಲೂ ಒಂದು ಕೋಣೆ ಇದೆ. ತಾವು ಕೂಡಿಟ್ಟದ್ದನ್ನು ಕೊಟ್ಟವರ ಹೆಸರನ್ನೇ ಕೋಣೆಗೆ ಇಡುವುದು ನನಗೆ ಬಹಳ ಹಿಡಿಸಿದ ಪದ್ಧತಿ. ನಮ್ಮಲ್ಲಿ ದೇವಸ್ಥಾನದ ಟ್ಯೂಬ್‌ಲೈಟಿನ ಮೇಲೂ ಕೊಟ್ಟವರ ಹೆಸರು ಇರುತ್ತದೆ, ಮ್ಯೂಸಿಯಂನಲ್ಲಿ ಇರುವುದಿಲ್ಲ.

ಈ ಊರು ಡಬ್ಬಿ, ಗುಂಡಿಯನ್ನೆಲ್ಲ ಯಾಕೆ ಹೀಗೆ ಗಾಜಿನ ಹಿಂದೆ ಇಟ್ಟುಕೊಂಡಿದೆ ಅನ್ನುವುದಕ್ಕೆ ಉತ್ತರ ಅದರ ಚರಿತ್ರೆಯಲ್ಲೇ ಇದೆ. 1939ರಲ್ಲಿ ಇಲ್ಲಿ 13 ಲಕ್ಷ ಜನ ಇದ್ದರು. ಮೂವರಲ್ಲಿ ಒಬ್ಬರು ಯಹೂದಿ. 1944ರ ಆಗಸ್ಟ್ 1ಕ್ಕೆ ಶುರುವಾದ ದಂಗೆ 63 ದಿನ ನಡೆಯಿತು. ದಂಗೆ ಸೋತ ಮೇಲೆ ಜರ್ಮನ್ನರು ಉಳಿದ ಜನರನ್ನೆಲ್ಲ ಹೊರಗೆ ಹಾಕಿ, ಬೀದಿ ಬೀದಿಯಾಗಿ, ಮನೆ ಮನೆಯಾಗಿ ಊರನ್ನು ಸುಟ್ಟು ಸಿಡಿಸಿದರು. ಯುದ್ಧ ಮುಗಿಯುವ ಹೊತ್ತಿಗೆ ಸುಮಾರು ಶೇಕಡಾ 85ರಷ್ಟು ಭಾಗ ನೆಲಸಮ. ಈಗ ನಾವು ನೋಡುವ ‘ಹಳೆ’ ಪೇಟೆ ಬಹುಪಾಲು ಯುದ್ಧದ ನಂತರ ಕಟ್ಟಿದ್ದು. ಹದಿನೆಂಟನೇ ಶತಮಾನದಲ್ಲಿ ಬೆಲ್ಲೊಟ್ಟೊ ಬಿಡಿಸಿದ್ದ ಊರಿನ ಚಿತ್ರಗಳನ್ನು ನೋಡಿಕೊಂಡು, ಯುದ್ಧಕ್ಕೆ ಮೊದಲು ಮತ್ತು ಯುದ್ಧದ ನಡುವೆ ಕದ್ದುಮುಚ್ಚಿ ಮಾಡಿಟ್ಟಿದ್ದ ಅಳತೆಯ ನಕ್ಷೆಗಳನ್ನು ಇಟ್ಟುಕೊಂಡು ಮತ್ತೆ ಎಬ್ಬಿಸಿದರು. ಚೌಕ ಜನರಿಗೆ ತೆರೆದದ್ದು 1953ರಲ್ಲಿ. 1980ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು.

ಅಂದರೆ ಮ್ಯೂಸಿಯಂನ ಎಷ್ಟೋ ಗೋಡೆಗಳಿಗಿಂತ ಒಳಗಿನ ಚಮಚ ಹಳೆಯದು. ಈ ಮಾತು ತಲೆಗೆ ಹೋದ ಮೇಲೆ ಆ ಕೋಣೆಗಳಲ್ಲಿ ಓಡಾಡುವ ರೀತಿಯೇ ಬದಲಾಗುತ್ತದೆ. ಗೋಡೆ ಕಟ್ಟಬಹುದು. ಆ ಬೀದಿಯಲ್ಲಿ ಕಾಫಿ ಕುಡಿಯುತ್ತಿದ್ದವನ ಲೋಟ ಮತ್ತೆ ಮಾಡಲು ಆಗುವುದಿಲ್ಲ.

ಈಗ ನಮ್ಮ ವಿಷಯಕ್ಕೆ ಬರುತ್ತೇನೆ. ಹೊರದೇಶಕ್ಕೆ ಹೋದವನು ‘ಅಲ್ಲಿ ನೋಡಿ ಹೇಗಿದೆ, ನಮ್ಮಲ್ಲಿ ನೋಡಿ’ ಅಂತ ರಾಗ ಎಳೆಯುವುದು ನನಗೂ ಕೇಳಿ ಕೇಳಿ ಸಾಕಾಗಿದೆ. ‘ನಮಗೆ ಇತಿಹಾಸ ಪ್ರಜ್ಞೆ ಇಲ್ಲ’ ಅನ್ನುವುದಂತೂ ಒಪ್ಪುವ ಮಾತೇ ಅಲ್ಲ. ಇದೆ. ನಾವು ಅದನ್ನು ವಸ್ತುವಿನಲ್ಲಿ ಇಡುವುದಿಲ್ಲ, ಅಷ್ಟೆ.

ಕರಗ ನೋಡಿ. ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಹೊರಟ ಕರಗ ಪೇಟೆಯ ಬೀದಿಗಳನ್ನು ಸುತ್ತುತ್ತದೆ, ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗುತ್ತದೆ. ಸಂಪಂಗಿ ಕೆರೆ ಕಂಠೀರವ ಸ್ಟೇಡಿಯಂ ಆಗಿ ಎಷ್ಟು ಕಾಲವಾಯಿತು? ಆದರೂ ಉಳಿದಿರುವ ಆ ಪುಟ್ಟ ನೀರಿನ ಗುಂಡಿಯ ಹತ್ತಿರ ಕರಗದ ಪೂಜೆ ನಿಂತಿಲ್ಲ. ಊರಿನ ಹಳೆ ನಕ್ಷೆ ಕರಗದ ಜೊತೆ ಕತ್ತಿ ಹಿಡಿದು ನಡೆಯುವ ವೀರಕುಮಾರರ ಕಾಲಿಗೆ ಗೊತ್ತಿದೆ. ವಾರ್ಸಾದ ಹಳೆ ಪೇಟೆಯಲ್ಲಿ ಗೋಡೆಗಳೆಲ್ಲ ಮತ್ತೆ ಎದ್ದವು, ಆದರೆ ಹೀಗೆ ತಲೆಮಾರಿನಿಂದ ತಲೆಮಾರಿಗೆ ಅದೇ ಬೀದಿಯಲ್ಲಿ ನಡೆದುಬಂದ ಜನ ಹೆಚ್ಚು ಉಳಿಯಲಿಲ್ಲ. ಜನ ಹೋದ ಕಡೆ ವಸ್ತುವೇ ಸಾಕ್ಷಿ ಹೇಳಬೇಕು. ನಮ್ಮಲ್ಲಿ ಜನ ಉಳಿದರು, ಹಬ್ಬ ಉಳಿಯಿತು, ಸಾಮಾನು ಗುಜರಿಗೆ ಹೋಯಿತು.

ಇನ್ನೊಂದು ಕಾರಣವೂ ಇದೆ ಅಂತ ನನಗೆ ಅನಿಸುತ್ತದೆ. ನಮಗೆ ಒಡೆದ ವಸ್ತು ಮನೆಯಲ್ಲಿ ಇರಬಾರದು. ಒಡೆದ ಕನ್ನಡಿ ಇಟ್ಟುಕೊಳ್ಳಬಾರದು, ನಿಂತ ಗಡಿಯಾರ ಗೋಡೆಯ ಮೇಲೆ ಇರಬಾರದು, ಭಿನ್ನವಾದ ವಿಗ್ರಹವನ್ನು ನೀರಿಗೆ ಬಿಡಬೇಕು. ಆಯುಧಪೂಜೆಯ ದಿನ ಹೊಲಿಗೆ ಮಿಷನ್ನಿಗೆ ಅರಿಶಿನ ಕುಂಕುಮ ಹಚ್ಚಿ ಕೈ ಮುಗಿಯುತ್ತೇವೆ. ಕೆಲಸ ಮಾಡುವವರೆಗೆ ಅದು ದೇವರು. ಕೆಟ್ಟು ನಿಂತಿತೋ, ತಕ್ಕಡಿಯವನು ಬಂದು ಕೇಜಿ ಲೆಕ್ಕದಲ್ಲಿ ತಗೊಂಡು ಹೋಗುತ್ತಾನೆ. ಇದನ್ನು ತಪ್ಪು ಅಂತ ನಾನು ಹೇಳುತ್ತಿಲ್ಲ. ಸಣ್ಣ ಮನೆಗಳಲ್ಲಿ ತುಂಬಿದ ಸಂಸಾರ ಮಾಡುವ ಜನಕ್ಕೆ ಅದೇ ಸರಿಯಾದ ದಾರಿ. ಮನೆಯಲ್ಲಿ ಇಡಲು ಆಗದ್ದನ್ನು ಊರು ಇಟ್ಟುಕೊಳ್ಳಬೇಕು ಅನ್ನುವುದಷ್ಟೇ ನನ್ನ ಮಾತು.

ಯಾಕೆಂದರೆ ಹಬ್ಬ ಎಲ್ಲವನ್ನೂ ನೆನಪಿಡುವುದಿಲ್ಲ. 1898ರ ಪ್ಲೇಗಿನಲ್ಲಿ ಪೇಟೆ ಖಾಲಿಯಾಯಿತು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೇಗ ಬೆಳೆದದ್ದು ಆ ಹೊಡೆತದಿಂದ. ಪ್ಲೇಗ್ ಮಾರಮ್ಮನ ಗುಡಿಗಳು ಉಳಿದಿವೆ. ಆದರೆ ಊರು ಬಿಟ್ಟು ಶೆಡ್ಡುಗಳಲ್ಲಿ ಇದ್ದವರು ಹೇಗಿದ್ದರು, ಏನು ತಂದುಕೊಂಡಿದ್ದರು? ಬಿನ್ನಿ ಮಿಲ್ಲಿನ ಪಾಳಿಯ ಬಿಲ್ಲೆ, ಮಿನರ್ವ ಮಿಲ್ಲಿನ ಹಾಜರಿ ಪುಸ್ತಕ, ಬಿಟಿಎಸ್ ಬಸ್ಸಿನ ತೆಳ್ಳಗಿನ ಟಿಕೆಟ್, ಕೆಂಪೇಗೌಡ ರಸ್ತೆಯ ಥಿಯೇಟರುಗಳಲ್ಲಿ ಬಾಲ್ಕನಿ ಸೀಟಿನ ಹರಿದ ಅರ್ಧ ಚೀಟಿ, ಇವಕ್ಕೆಲ್ಲ ಯಾವ ಹಬ್ಬವೂ ಇಲ್ಲ. 1905ರಲ್ಲಿ ಶಿವನಸಮುದ್ರದ ಕರೆಂಟು ಬಂದು ಬೀದಿ ದೀಪ ಹತ್ತಿದ ಊರು ನಮ್ಮದು ಅಂತ ಭಾಷಣದಲ್ಲಿ ಹೇಳುತ್ತೇವೆ. ಅದಕ್ಕೂ ಹಿಂದಿನ ರಾತ್ರಿಯವರೆಗೆ ದೀಪ ಹಚ್ಚುತ್ತಿದ್ದವನ ಏಣಿ ಎಲ್ಲಿ?

ವಾರ್ಸಾಗೂ ಬೆಂಗಳೂರಿಗೂ ನೇರ ನಂಟು ಇರುವ ಒಬ್ಬರ ವಿಷಯ ಹೇಳುತ್ತೇನೆ. ಮಾರಿಸ್ ಫ್ರೈಡ್‌ಮನ್ 1901ರಲ್ಲಿ ವಾರ್ಸಾದಲ್ಲಿ, ಯಹೂದಿ ಮನೆಯಲ್ಲಿ ಹುಟ್ಟಿದವರು. ಇಂಜಿನಿಯರ್. 1930ರ ದಶಕದಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ಮೈಸೂರು ಸರ್ಕಾರದ ವಿದ್ಯುತ್ ಕಾರ್ಖಾನೆ ನಡೆಸಲು ಬೆಂಗಳೂರಿಗೆ ಬಂದರು. ಅದೇ ಇವತ್ತಿನ ಮೈಸೂರು ರಸ್ತೆಯ ಕವಿಕಾ. ಆಮೇಲೆ ಕಾವಿ ಉಟ್ಟು ಭಾರತಾನಂದ ಆದರು, ಗಾಂಧೀಜಿಗಾಗಿ ಚರಕದ ವಿನ್ಯಾಸ ಮಾಡಿದರು, ಔಂಧ್ ಸಂಸ್ಥಾನದಲ್ಲಿ ಪ್ರಜೆಗಳಿಗೆ ಅಧಿಕಾರ ಕೊಡುವ ಕೆಲಸದಲ್ಲಿ ಕೈಜೋಡಿಸಿದರು. ಕಾರ್ಖಾನೆಯಲ್ಲಿ ಅವರ ಕೈಕೆಳಗೆ ಕೆಲಸ ಮಾಡಿದವರ ಮೊಮ್ಮಕ್ಕಳ ಮನೆಯ ಅಟ್ಟದಲ್ಲಿ ಅವರ ಸಹಿ ಇರುವ ಒಂದು ಕಾಗದ ಇದೆ ಅಂತ ಇಟ್ಟುಕೊಳ್ಳಿ. ಅದನ್ನು ಬೆಂಗಳೂರಿನಲ್ಲಿ ಯಾವ ಬಾಗಿಲಿಗೆ ತಗೊಂಡು ಹೋಗಬೇಕು? ವಾರ್ಸಾದಲ್ಲಾದರೆ ಯಾವ ಬಾಗಿಲು ಅಂತ ನನಗೆ ಗೊತ್ತು.

ಹಾಗಂತ ಈ ಮ್ಯೂಸಿಯಂನಲ್ಲಿ ಕೊರತೆ ಇಲ್ಲವೆಂದಲ್ಲ. ಊರಿನ ಕಥೆ ಮೊದಲೇ ಗೊತ್ತಿಲ್ಲದವನಿಗೆ ಅಲ್ಲಿ ತಲೆಬುಡ ಹತ್ತುವುದಿಲ್ಲ. ಬೆಳ್ಳಿ ಲೇಪದ ಪಾತ್ರೆಗಳ ಮುಂದೆ ನಿಂತು ‘ಇದು ನಾರ್ಬ್ಲಿನ್ ಕಾರ್ಖಾನೆಯದು, ಇದು ಫ್ರಾಜೆ ಕಾರ್ಖಾನೆಯದು’ ಅಂತ ಓದಿದರೆ ಸಾಲದು, ಆ ಕಾರ್ಖಾನೆಗಳು ಏನು ಅಂತ ಗೊತ್ತಿರಬೇಕು. ನೆಲಮಾಳಿಗೆಯಲ್ಲಿ ಊರಿನ ಅಂಕಿಅಂಶಗಳನ್ನು ಚಿತ್ರಗಳಲ್ಲಿ ತೋರಿಸಿದ್ದಾರೆ, ನಿಜಕ್ಕೂ ಚೆನ್ನಾಗಿದೆ. ಹೊಸಬರು ಅಲ್ಲಿಂದಲೇ ಶುರುಮಾಡುವುದು ಒಳ್ಳೆಯದು. ಇನ್ನೊಂದು ಕೊರತೆ ದೊಡ್ಡದು. ಉಳಿದ ವಸ್ತುಗಳಿಂದ ಚರಿತ್ರೆ ಹೇಳುತ್ತೇನೆ ಅಂದರೆ, ಯಾರ ವಸ್ತು ಉಳಿಯಿತೋ ಅವರ ಚರಿತ್ರೆ ಜಾಸ್ತಿ ಆಗುತ್ತದೆ. ಬೆಳ್ಳಿ ಚಮಚ ಉಳಿಯುತ್ತದೆ, ಮರದ ಸೌಟು ಒಲೆಗೆ ಹೋಗುತ್ತದೆ. ಊರಿನ ಮೂರನೇ ಒಂದು ಭಾಗ ಆಗಿದ್ದ ಯಹೂದಿಗಳ ಬದುಕು ತಿಳಿಯಬೇಕಾದರೆ ಈ ಹನ್ನೊಂದು ಮನೆ ಸಾಲುವುದಿಲ್ಲ. ಬೇರೆ ಕಡೆ ಹೋಗಬೇಕು.

ಆ ಬೇರೆ ಕಡೆಗಳಲ್ಲಿ ಒಂದು ಯಹೂದಿ ಚರಿತ್ರೆಯ ಸಂಸ್ಥೆ. ಅಲ್ಲಿರುವುದು ಒಂದು ಹಾಲಿನ ಕ್ಯಾನು. ಯುದ್ಧದ ಕಾಲದಲ್ಲಿ ಜರ್ಮನ್ನರು ಯಹೂದಿಗಳನ್ನು ಕೂಡಿಹಾಕಿದ್ದ ಘೆಟ್ಟೋದೊಳಗೆ ಸಾವನ್ನು ಎದುರಿಗೆ ಇಟ್ಟುಕೊಂಡೇ ಇಮ್ಯಾನುಯೆಲ್ ರಿಂಗಲ್‌ಬ್ಲುಮ್ ಅನ್ನುವ ಇತಿಹಾಸಕಾರ ಮತ್ತು ಅವರ ಗೆಳೆಯರು ಕಾಗದ ಪತ್ರ ಕೂಡಿಟ್ಟರು. ದಿನಚರಿ, ವರದಿ, ಪತ್ರ ಮಾತ್ರ ಅಲ್ಲ. ಟ್ರಾಮ್ ಟಿಕೆಟ್, ಮಿಠಾಯಿ ಸುತ್ತಿದ ಕಾಗದ, ರೇಷನ್ ಚೀಟಿ ಕೂಡ. ತಗಡಿನ ಪೆಟ್ಟಿಗೆಯಲ್ಲೂ ಹಾಲಿನ ಕ್ಯಾನಿನಲ್ಲೂ ತುಂಬಿ ನೆಲದಲ್ಲಿ ಹೂತರು. ಒಂದು ಪಾಲು 1946ರಲ್ಲಿ ಸಿಕ್ಕಿತು, ಇನ್ನೊಂದು 1950ರಲ್ಲಿ. ಕೂಡಿಟ್ಟವರಲ್ಲಿ ಬದುಕಿ ಉಳಿದವರು ಬೆರಳೆಣಿಕೆಯಷ್ಟು. ಮಿಠಾಯಿ ಕಾಗದವನ್ನು ಯಾಕೆ ಹೂತಿಡಬೇಕಿತ್ತು ಅಂತ ಕೇಳುವವರಿಗೆ ಆ ಕ್ಯಾನಿನ ಮುಂದೆ ನಿಲ್ಲಿ ಅನ್ನುವುದು ಬಿಟ್ಟರೆ ನನ್ನ ಹತ್ತಿರ ಬೇರೆ ಉತ್ತರ ಇಲ್ಲ.

ನಮ್ಮಲ್ಲಿ ಏನೂ ಇಲ್ಲ ಅಂತಲ್ಲ. ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂ 1865ರದು, ಇಲ್ಲಿನ ಮ್ಯೂಸಿಯಂಗಿಂತ ಎಪ್ಪತ್ತು ವರ್ಷ ಹಳೆಯದು. ಆತಕೂರಿನ ವೀರಗಲ್ಲು ಅದರ ಸಂಗ್ರಹದಲ್ಲಿದೆ. ಹತ್ತನೇ ಶತಮಾನದ್ದು. ತಕ್ಕೋಲದ ಕಾಳಗ ಮುಗಿದ ಮೇಲೆ ಮೆಚ್ಚಿದ ರಾಜ ಮಣಲಾರ ಅನ್ನುವ ವೀರನಿಗೆ ‘ಏನು ಬೇಕು ಕೇಳು’ ಅಂದನಂತೆ. ಅವನು ಊರು ಕೇಳಲಿಲ್ಲ, ಚಿನ್ನ ಕೇಳಲಿಲ್ಲ, ‘ಕಾಳಿ’ ಅನ್ನುವ ಬೇಟೆನಾಯಿ ಕೇಳಿದ. ಆ ನಾಯಿ ಹಂದಿಯ ಜೊತೆ ಕಾದಾಡಿ ಎರಡೂ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿ, ಪೂಜೆ ನಡೆಯಲಿ ಅಂತ ಜಮೀನನ್ನೂ ಬಿಟ್ಟರು. ಇಂಥ ಕಥೆ ಯುರೋಪಿನ ಯಾವುದಾದರೂ ಊರಿಗೆ ಸಿಕ್ಕಿದ್ದರೆ ಆ ನಾಯಿಯ ಚಿತ್ರ ಇರುವ ಕಪ್ಪು, ಚೀಲ, ಮ್ಯಾಗ್ನೆಟ್ ಮಾರಿ ಸಾಕಾಗಿಸುತ್ತಿದ್ದರು. ನಮ್ಮ ಕಡೆ ಜಿಲ್ಲಾ ಕೇಂದ್ರವೊಂದರ ಸಂಗ್ರಹಾಲಯದಲ್ಲಿ ನಾನು ಓದಿದ ಚೀಟಿ ಹೀಗಿತ್ತು: ‘ವೀರಗಲ್ಲು. 10ನೇ ಶತಮಾನ.’ ಮುಗೀತು. ಯಾರ ಹೊಲದಲ್ಲಿ ಸಿಕ್ಕಿತು, ವೀರ ಯಾರು, ಯಾಕೆ ಸತ್ತ, ಏನೂ ಇಲ್ಲ.

ಧರ್ಮಸ್ಥಳದ ಮಂಜೂಷಾಗೆ ಹೋದವರಿಗೆ ವಾರ್ಸಾದ ಈ ಮ್ಯೂಸಿಯಂ ಹೊಸದು ಅನಿಸಲಿಕ್ಕಿಲ್ಲ. ಕ್ಯಾಮೆರಾ, ಗಡಿಯಾರ, ಪಾತ್ರೆ, ತಾಳೆಗರಿ ಎಲ್ಲ ಅಲ್ಲೂ ಇದೆ. ಅದು ವೀರೇಂದ್ರ ಹೆಗ್ಗಡೆಯವರ ಆಸಕ್ತಿಯಿಂದ ಬೆಳೆದದ್ದು. ರಾಮನಗರದ ಜಾನಪದ ಲೋಕ ಎಚ್.ಎಲ್. ನಾಗೇಗೌಡರು ಕಟ್ಟಿದ್ದು, ಮಣಿಪಾಲದ ಹಳೆ ಮನೆಗಳ ಊರು ವಿಜಯನಾಥ ಶೆಣೈಯವರದು. ನಮ್ಮಲ್ಲಿ ಇಂಥ ಕೆಲಸ ಒಬ್ಬೊಬ್ಬ ಹುಚ್ಚು ಹಿಡಿದ ದೊಡ್ಡ ಮನುಷ್ಯನ ಹೆಗಲ ಮೇಲೆ ನಡೆಯುತ್ತದೆ. ನಗರಸಭೆಯ ಹೆಗಲ ಮೇಲೆ ನಡೆಯುವುದಿಲ್ಲ. ವಾರ್ಸಾದ ಮ್ಯೂಸಿಯಂ ನಗರಾಡಳಿತದ್ದು. ವಾರದಲ್ಲಿ ಒಂದು ದಿನ ಕಾಯಂ ಪ್ರದರ್ಶನ ಉಚಿತವಾಗಿರಬೇಕು ಅಂತ ಈ ದೇಶದ ಮ್ಯೂಸಿಯಂ ಕಾನೂನಿನಲ್ಲೇ ಬರೆದಿದೆ. ಉಚಿತ ದಿನ ಹೋದರೆ ಗದ್ದಲ ಇರುತ್ತದೆ, ಮಕ್ಕಳು ನೆಲದ ಮೇಲೆ ಕೂತು ಚಿತ್ರ ಬರೆಯುತ್ತಿರುತ್ತಾರೆ. ನನಗೆ ಇಷ್ಟವಾಗುವುದು ಆ ದಿನವೇ. ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ಸ್ಕೂಲ್ ಮಕ್ಕಳು ಬಟನ್ ಒತ್ತಲು ಮುಗಿಬೀಳುವ ಸದ್ದು ನೆನಪಾಗುತ್ತದೆ. ಮಿಕ್ಕ ದಿನಗಳ ನಿಶ್ಶಬ್ದ ನನಗಂತೂ ಸ್ವಲ್ಪ ಜಾಸ್ತಿಯೇ.

ಜನ ಕೈಜೋಡಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ಹೆಬ್ಬಾಳದ ಕಿತ್ತಯ್ಯನ ಕಲ್ಲಿದೆ. ಸುಮಾರು ಕ್ರಿ.ಶ. 750ರ ವೀರಗಲ್ಲು, 2018ರಲ್ಲಿ ಬೆಳಕಿಗೆ ಬಂತು. ಅಲ್ಲಿನವರು ಆಸಕ್ತರ ಜೊತೆ ಸೇರಿ ಅದಕ್ಕೊಂದು ಮಂಟಪವನ್ನೇ ಕಟ್ಟಿದರು. ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಶಾಸನಗಳನ್ನು ಹುಡುಕಿ ಹುಡುಕಿ ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದ್ದಾರೆ. ಕಲ್ಲಿನ ವಿಷಯದಲ್ಲಿ ನಮಗೆ ಈಗ ಎಚ್ಚರ ಬಂದಿದೆ. ತಗಡು, ಕಾಗದ, ಪ್ಲಾಸ್ಟಿಕ್ಕಿನ ವಿಷಯದಲ್ಲಿ ಇನ್ನೂ ಬಂದಿಲ್ಲ. ಕಲ್ಲು ಕಾಯುತ್ತದೆ, ಬಸ್ ಟಿಕೆಟ್ ಕಾಯುವುದಿಲ್ಲ, ಅಲ್ವಾ?

ಬೆಂಗಳೂರಿಗೆ ನಗರ ಮ್ಯೂಸಿಯಂ ಬೇಕು ಅಂದ ಕೂಡಲೇ ಮಾತು ಎಕರೆಗೆ, ಕೋಟಿಗೆ, ಲೇಸರ್ ಶೋಗೆ ಹೋಗುತ್ತದೆ. ನಾನು ಕೇಳುತ್ತಿರುವುದು ಅದಲ್ಲ. ಮೇಯೋ ಹಾಲ್ ಮಹಡಿಯಲ್ಲಿ ಕೆಂಪೇಗೌಡ ಮ್ಯೂಸಿಯಂ 2011ರಿಂದ ಇದೆಯಲ್ಲ, ಅಲ್ಲೇ ಒಂದು ಮೇಜು ಹಾಕಲಿ. ಒಂದು ರಿಜಿಸ್ಟರ್, ಸ್ವೀಕೃತಿ ಚೀಟಿ ಪುಸ್ತಕ, ವಿಷಯ ಗೊತ್ತಿರುವ ಒಬ್ಬರು. ಜನ ತಂದುಕೊಟ್ಟ ವಸ್ತು ಯಾವುದು, ಯಾವ ಬೀದಿಯದು, ಯಾರು ಬಳಸಿದ್ದು, ಕೊಟ್ಟವರು ಯಾರು, ಅದರ ಬಗ್ಗೆ ಅವರಿಗೆ ಏನು ನೆನಪಿದೆ, ಇಷ್ಟನ್ನು ಅವರ ಮಾತಲ್ಲೇ ಬರೆದುಕೊಳ್ಳಲಿ. ಕನ್ನಡ, ತಮಿಳು, ತೆಲುಗು, ದಖನಿ ಉರ್ದು, ಯಾವ ಮಾತಲ್ಲಿ ಹೇಳಿದರೂ ಸರಿ. ಎಲ್ಲವನ್ನೂ ತಗೋಬೇಕಾಗಿಲ್ಲ; ಬೇಡ ಅನ್ನುವುದಕ್ಕೂ ಒಂದು ನಿಯಮ ಇರಲಿ. ಇಟ್ಟುಕೊಳ್ಳಲು ಜಾಗ ಇಲ್ಲದಿದ್ದರೆ ಫೋಟೊ ತೆಗೆದು, ವಿವರ ಬರೆದು ವಾಪಸ್ ಕೊಡಲಿ. ಮೊದಲು ಮಿಲ್ಲುಗಳಲ್ಲಿ ಕೆಲಸ ಮಾಡಿದವರ ಮನೆಗಳಿಗೆ ಹೋಗಬೇಕು. ಅವರಿಗೆ ವಯಸ್ಸಾಗಿದೆ, ಅವರ ಮನೆಗಳೂ ಒಂದೊಂದಾಗಿ ಅಪಾರ್ಟ್‌ಮೆಂಟ್ ಆಗುತ್ತಿವೆ.